ಗೇಣು ಜಾಗ, ಮೂರೂವರೆ ಕೋಟಿಯ ಕಾರು

ನಿಮ್ಮ ಪತ್ರ ಓದಿದೆ. ಮೈಸೂರಿನಿಂದ ಇಲ್ಲಿಗೆ, ದಕ್ಷಿಣ ಕೊರಿಯಾದ ಸುವೋನ್‌ಗೆ, ಕೆಲಸಕ್ಕೆ ಬರಲಿದ್ದೀರಿ. ಜೊತೆಗೆ ಮನೆಯವರು, ಏಳು ಮತ್ತು ಮೂರು ವರ್ಷದ ಮಕ್ಕಳು. ಊಟ, ಭಾಷೆ, ಶಾಲೆಯನ್ನು ಒಂದೇ ಸಾಲಿನಲ್ಲಿ ಕೇಳಿ ಮುಗಿಸಿ, ಉಳಿದ ಪುಟವನ್ನೆಲ್ಲ ಕಾರಿಗೆ ಕೊಟ್ಟಿದ್ದೀರಿ: ‘ಅಕ್ಕ, ರೆನೋ ಗ್ರ್ಯಾಂಡ್ ಕೊಲಿಯೋಸ್ ತೆಗೆದುಕೊಳ್ಳಬಹುದೇ? ಅದು ಫ್ರೆಂಚ್ ಕಾರೋ, ಚೀನಾದ್ದೋ?’ ನಾನೂ ಅದೇ ಅಳತೆಯಲ್ಲಿ ಉತ್ತರಿಸುತ್ತೇನೆ.

ಊಟ: ಅನ್ನ, ಸೊಪ್ಪು, ತೋಫು ಧಾರಾಳ. ಆದರೆ ಸಾರಿಗೆ ಒಣ ಮೀನಿನ ಕಟ್ಟು, ಇಲ್ಲಿನ ಉಪ್ಪಿನಕಾಯಿಯಂಥ ಕಿಮ್ಚಿಗೆ ಸಿಗಡಿ ಸಾಮಾನ್ಯ, ಕೇಳಿಯೇ ತಿನ್ನಿ. ಭಾಷೆ: ಮಕ್ಕಳು ನಿಮಗಿಂತ ಮೊದಲೇ ಕಲಿಯುತ್ತಾರೆ, ಆಮೇಲೆ ನಿಮ್ಮನ್ನು ತಿದ್ದುತ್ತಾರೆ. ಬಂದ 90 ದಿನಗಳೊಳಗೆ ವಿದೇಶಿಯರ ನೋಂದಣಿಗೆ ಅರ್ಜಿ ಹಾಕಬೇಕು. ಆ ಕಾರ್ಡು ಕೈಗೆ ಬರುವವರೆಗೆ ಕಾರಿನ ಮಾತು ಬೇಡ.

ಇನ್ನು ಕಾರು. ಆ ಗಾಡಿಯ ಕುಲಗೋತ್ರ ಹುಡುಕಲು ಹೊರಟರೆ ತಲೆ ತಿರುಗುತ್ತದೆ. ಅದು ತಯಾರಾಗುವ ಬುಸಾನ್‌ನ ಕಾರ್ಖಾನೆಯನ್ನು ಕಟ್ಟಿದ್ದು ಸ್ಯಾಮ್ಸಂಗ್. 1998ರಲ್ಲಿ ಮೊದಲ ಕಾರು ಮಾರುಕಟ್ಟೆಗೆ ಬರುವ ಹೊತ್ತಿಗೆ ದೇಶವೇ ಆರ್ಥಿಕ ಬಿಕ್ಕಟ್ಟಿನಲ್ಲಿತ್ತು. 2000ದಲ್ಲಿ ಆ ಕಾರು ಕಂಪನಿ ಫ್ರಾನ್ಸಿನ ರೆನೋ ಪಾಲಾಯಿತು. ಆದರೂ ಅಲ್ಲಿ ತಯಾರಾದ ಕಾರುಗಳ ಮೂತಿಯ ಮೇಲೆ ಸ್ಯಾಮ್ಸಂಗ್ ಕಾಲದ ‘ಚಂಡಮಾರುತದ ಕಣ್ಣು’ ಲಾಂಛನವೇ ಉಳಿಯಿತು. 2007ರ ಕ್ಯೂಎಂ5, 2016ರ ಕ್ಯೂಎಂ6 ಎಂದು ಇಲ್ಲಿ ಮಾರಿದ ಗಾಡಿಗಳೇ ಹೊರದೇಶಗಳಿಗೆ ರೆನೋ ಕೊಲಿಯೋಸ್ ಆಗಿ ಹೋಗುತ್ತಿದ್ದವು. 2011ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಕೊಲಿಯೋಸ್ ಕೂಡ ಇಲ್ಲಿಂದಲೇ ಹಡಗು ಹತ್ತಿದ್ದು. 2024ರ ಏಪ್ರಿಲ್‌ನಲ್ಲಿ ಆ ಕಣ್ಣು ಮುಚ್ಚಿತು, ರೆನೋದ ವಜ್ರಾಕೃತಿ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗ್ರ್ಯಾಂಡ್ ಕೊಲಿಯೋಸ್ ರಸ್ತೆಗಿಳಿಯಿತು.

ಒಳಗಿರುವುದು ಯಾರದು? ಚೀನಾದ ಜೀಲಿ ಕಂಪನಿಯ ಶಿಂಗ್ಯೂ ಎಲ್ ಎಂಬ ಗಾಡಿಯದು ಮೂಲ. ರೆನೋ ಕೊರಿಯಾದಲ್ಲಿ ಜೀಲಿಗೆ ಶೇ 34.02ರಷ್ಟು ಪಾಲಿದೆ. ಅಡಿಪಾಯ ವೋಲ್ವೊ ಕಾರುಗಳೊಂದಿಗೆ ಹಂಚಿಕೊಂಡದ್ದು (ನಮ್ಮೂರಿನ ವೋಲ್ವೊ ಬಸ್ಸಿನ ಕಂಪನಿಯಲ್ಲ, ಅದು ಬೇರೆ, ಹೆಸರು ಮಾತ್ರ ಒಂದೇ). ಜೋಡಿಸುವವರು ಬುಸಾನ್‌ನ ಕಾರ್ಮಿಕರು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎರಡೂ ಹೌದು, ಕೊರಿಯಾದ್ದೂ ಹೌದು. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ಮಹೀಂದ್ರ ಎಕ್ಸ್‌ಯುವಿ300ರ ಮೂಲವೂ ಇಲ್ಲಿನ ಸಾಂಗ್‌ಯಾಂಗ್ ಟಿವೋಲಿಯೇ ಅಲ್ಲವೇ?

ಬೆಲೆ ನೋಡಿ ಬೆಚ್ಚಬೇಡಿ. ಸುಮಾರು ಮೂರೂವರೆ ಕೋಟಿ ವಾನ್‌ನಿಂದ ಶುರು, ಅಂದರೆ ಇಪ್ಪತ್ತೆರಡು ಲಕ್ಷ ರೂಪಾಯಿಯ ಆಸುಪಾಸು. ಇಲ್ಲಿಯವರು ಲಕ್ಷದಲ್ಲಿ ಎಣಿಸುವುದಿಲ್ಲ, ಹತ್ತು ಸಾವಿರವನ್ನು ‘ಮಾನ್’ ಎಂದು ಒಂದು ಗಂಟು ಕಟ್ಟಿ ಎಣಿಸುತ್ತಾರೆ. ಅಂಗಡಿಯಲ್ಲಿ 3,500 ಮಾನ್ ಎಂದರೆ ಅದೇ ಮೂರೂವರೆ ಕೋಟಿ. ಮೊದಲ ಆರು ತಿಂಗಳು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ. ನಾನು ಈಗಲೂ ಎಣಿಸುತ್ತೇನೆ. ವಾರ್ಷಿಕ ತೆರಿಗೆ ಎಂಜಿನ್ನಿನ ಗಾತ್ರದ ಮೇಲೆ. 1,000 ಸಿಸಿ ದಾಟಿದರೆ 1,600ರವರೆಗೆ ಸಿಸಿಗೆ 140 ವಾನ್, ಅದಕ್ಕಿಂತ ದೊಡ್ಡದಕ್ಕೆ 200, ಅದರ ಮೇಲೆ ಶೇ 30 ಶಿಕ್ಷಣ ತೆರಿಗೆ. ಒಂದೂವರೆ ಲೀಟರಿನ ಹೈಬ್ರಿಡ್‌ಗೆ ಸುಮಾರು 2.7 ಲಕ್ಷ ವಾನ್, ಎರಡು ಲೀಟರಿನ ಪೆಟ್ರೋಲಿಗೆ ಸುಮಾರು 5.1 ಲಕ್ಷ. ತೆಗೆದುಕೊಳ್ಳುವುದೇ ಆದರೆ ಹೈಬ್ರಿಡ್.

ಆದರೆ ಹೊಸಬರು ಮರೆಯುವುದು ನಿಲ್ಲಿಸುವ ಜಾಗವನ್ನು. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಒಂದು ಕಾರಿನ ಗೆರೆಯೊಳಗಿನ ಅಗಲ 2.3 ಮೀಟರ್, 2.5ರ ನಿಯಮ ಬಂದದ್ದು 2019ರಲ್ಲಿ. ಈ ಗಾಡಿಯ ಅಗಲ 1.9 ಮೀಟರಿಗೆ ತುಸು ಕಡಿಮೆ. ಎರಡೂ ಕಡೆ ಒಂದೊಂದು ಗೇಣು ಉಳಿಯುತ್ತದೆ. ಚಿಕ್ಕ ಮಗುವನ್ನು ಮಕ್ಕಳ ಸೀಟಿಗೆ ಕಟ್ಟಲೇಬೇಕು, ಆರು ವರ್ಷದೊಳಗಿನವರಿಗೆ ಅದು ಕಾನೂನು. ಆ ಗೇಣಿನಲ್ಲಿ ಬಾಗಿ ಬೆಲ್ಟು ಹಾಕುವವರು ನಿಮ್ಮ ಮನೆಯವರು, ನೀವಲ್ಲ.

ಗೆರೆಯೊಳಗೆ ಜಾಗ ಸಿಗದಿದ್ದರೆ ಇತರರ ಕಾರುಗಳಿಗೆ ಅಡ್ಡಲಾಗಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಬಿಟ್ಟು ಬರುವುದು ಇಲ್ಲಿನ ರೂಢಿ. ಹೊರಡುವವರು ಕೈಯಿಂದ ತಳ್ಳಿ ದಾರಿ ಮಾಡಿಕೊಳ್ಳುತ್ತಾರೆ. ಗಾಜಿನ ಹಿಂದೆ ನಿಮ್ಮ ಫೋನ್ ಸಂಖ್ಯೆ ಇರಬೇಕು. ನಾನು ಬಂದ ಎರಡನೇ ವರ್ಷ ಊರಿನ ಅಭ್ಯಾಸದಂತೆ ಹ್ಯಾಂಡ್‌ಬ್ರೇಕ್ ಎಳೆದು ಮಲಗಿದ್ದೆ. ಬೆಳಗಿನ ಆರಕ್ಕೆ ಫೋನು ಮೊಳಗಿತು. ಚಪ್ಪಲಿ ಹುಡುಕಲೂ ಪುರುಸೊತ್ತಿಲ್ಲದೆ ಕೆಳಗೆ ಓಡಿದರೆ, ಅಜ್ಜನೊಬ್ಬರು ನನ್ನ ಕಾರನ್ನು ಒಬ್ಬರೇ ತಳ್ಳಿ ತಳ್ಳಿ ಬೆವತು ನಿಂತಿದ್ದರು. ‘ಚ್ವೇಸೊಂಗ್‌ಹಮ್ನಿದಾ’, ಅಂದರೆ ಕ್ಷಮಿಸಿ, ಎಂಬ ಪದ ನನಗೆ ಬಾಯಿಪಾಠವಾದದ್ದು ಆ ದಿನ. ಹೊಸ ಕಾರುಗಳಲ್ಲಿ ಎಂಜಿನ್ ಆರಿಸಿದೊಡನೆ ಬ್ರೇಕು ತಾನೇ ಹಿಡಿದುಕೊಳ್ಳುವುದುಂಟು. ಯಾವುದನ್ನೇ ಕೊಂಡರೂ ನ್ಯೂಟ್ರಲ್‌ನಲ್ಲಿ ಬಿಡುವುದು ಹೇಗೆಂದು ಮಾರುವವರಿಂದಲೇ ಮಾಡಿಸಿ ನೋಡಿ.

ಊರಿನಿಂದ ಅಪ್ಪ ಅಮ್ಮ ಬಂದರೆ ಇದರಲ್ಲಿ ಐದೇ ಸೀಟು, ಅದೂ ನೆನಪಿರಲಿ. 2024ರಲ್ಲಿ ಈ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಕಿಯಾ ಸೊರೆಂಟೊ; ಅದಕ್ಕೆ ಮೂರನೇ ಸಾಲೂ ಸಿಗುತ್ತದೆ, ಊರಿಗೆ ಮರಳುವಾಗ ಕೊಳ್ಳುವವರೂ ಬೇಗ ಸಿಗುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ಬಸ್ಸು, ಮೆಟ್ರೊ ಸಾಕು. ಬೇಕೇಬೇಕೆಂದರೆ ಚಿಕ್ಕದೊಂದು ಹಳೆಯ ಕಾರು. ಇಲ್ಲಿ ಬಲಗಡೆ ಓಡಿಸಬೇಕು, ಗೀರುಗಳೆಲ್ಲ ಅದರ ಮೈಮೇಲೆ ಬೀಳಲಿ.

ಮನೆ ಗೊತ್ತಾದ ದಿನ ತಿಳಿಸಿ. ಒಂದು ಟೇಪು ಹಿಡಿದುಕೊಂಡು ನಾನೂ ಯಜಮಾನರೂ ಬರುತ್ತೇವೆ, ಮೊದಲು ನೆಲಮಾಳಿಗೆ ಅಳೆಯೋಣ.