ಮಳೆಗೆ ಇಡೀ ಮನೆ ಟ್ರಿಪ್ ಆಗುತ್ತಿದ್ದರೆ ಡಿಬಿಯಲ್ಲಿ ಎಂಸಿಬಿ ಜೋಡಿಸುವುದು ಹೇಗೆ?

ಮಡಿಕೇರಿ ಕಡೆಯ ತೋಟದ ಮನೆ, ಸಿಂಗಲ್ ಫೇಸ್, ಎರಡು ಗೀಸರ್, ಒಂದು ಎಚ್‌ಪಿ ಪಂಪು. ಕಕ್ಕಡ ತಿಂಗಳ ಮಳೆ ಹಿಡಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಬಿದ್ದು ಮನೆಯೆಲ್ಲ ಕತ್ತಲು. ಹೊಸ ಡಿಬಿಯಲ್ಲಿ (ಲೈನುಗಳನ್ನು ಹಂಚುವ ಬಾಕ್ಸ್) ಎಂಸಿಬಿಗಳನ್ನು (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಯಾವ ಕ್ರಮದಲ್ಲಿ ಕೂರಿಸಲಿ ಅಂತ ಕೇಳಿದ್ದೀರಿ. ಕ್ರಮ ಆಮೇಲೆ ನೋಡೋಣ. ಮೊದಲು ನೆನೆಯುವ ಲೈನು, ನೆನೆಯದ ಲೈನು ಅಂತ ಎರಡು ಪಾಲು ಮಾಡಿ.

ಅಂಗಳದ ಲೈಟು, ಪಂಪು, ಕಣದ ಪ್ಲಗ್ಗು ಒಂದು ಪಾಲು. ಮನೆಯೊಳಗಿನದೆಲ್ಲ ಇನ್ನೊಂದು. ಎರಡಕ್ಕೂ ಬೇರೆ ಬೇರೆ 40 ಆಂಪ್, 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ. ಗೇಟಿನ ಲೈಟಿಗೆ ನೀರು ಇಳಿದರೆ ಹೊರಗಿನದು ಮಾತ್ರ ಹೋಗುತ್ತದೆ, ಫ್ರಿಡ್ಜ್ ಓಡುತ್ತಿರುತ್ತದೆ.

ಹೆಚ್ಚಿನವರು ಎಡವುವುದು ನ್ಯೂಟ್ರಲ್‌ನಲ್ಲಿ. ಎರಡು ಆರ್‌ಸಿಸಿಬಿಗೆ ಎರಡು ನ್ಯೂಟ್ರಲ್ ಲಿಂಕ್ (ನ್ಯೂಟ್ರಲ್ ವೈರುಗಳನ್ನು ಸೇರಿಸುವ ಪಟ್ಟಿ) ಬೇಕೇ ಬೇಕು. ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿದರೆ ಸ್ವಿಚ್ ಹಾಕಿದ ಕೂಡಲೇ ಬೀಳುತ್ತದೆ, ಲೀಕೇಜ್ ಎಲ್ಲೂ ಇರುವುದಿಲ್ಲ. ಇನ್ವರ್ಟರ್ ಲೈನಿನ ನ್ಯೂಟ್ರಲ್ ಕೂಡ ಬೇರೆಯದರ ಜೊತೆ ಬೆರೆಯಬಾರದು. ಎಂಸಿಬಿಯ ನಂಬರನ್ನೇ ಅದರ ನ್ಯೂಟ್ರಲ್ ವೈರಿಗೂ ಹಾಕಿಸಿ. ಯಾಕೆಂದರೆ ಸಿಂಗಲ್ ಪೋಲ್ ಎಂಸಿಬಿ ಫೇಸ್ ಅನ್ನು ಮಾತ್ರ ಕಡಿಯುತ್ತದೆ. ಎಲ್ಲ ಎಂಸಿಬಿ ಆಫ್ ಮಾಡಿದರೂ ಆರ್‌ಸಿಸಿಬಿ ಆನ್ ಆಗಿ ನಿಲ್ಲದಿದ್ದರೆ ಯಾವುದೋ ನ್ಯೂಟ್ರಲ್ ಅರ್ತ್‌ಗೆ ತಾಗಿರಬಹುದು. ಆಗ ಮೇನ್ ಆಫ್ ಮಾಡಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ನ್ಯೂಟ್ರಲ್‌ಗಳನ್ನು ಲಿಂಕ್‌ನಿಂದ ಬಿಚ್ಚಿ, ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಒಂದೊಂದೇ ನೋಡಬೇಕು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ್ದೇ ಕಳ್ಳ ಲೈನು. ನಂಬರ್ ಇಲ್ಲದಿದ್ದರೆ ಈ ಕೆಲಸಕ್ಕೆ ಅರ್ಧ ದಿನ ಹೋಗುತ್ತದೆ.

ಜಾಗದ ಲೆಕ್ಕ: ಐಸೊಲೇಟರ್ (ಮೇನ್ ಸ್ವಿಚ್) 2 ಮಾಡ್ಯೂಲ್ (ಒಂದು ಎಂಸಿಬಿ ಕೂರುವಷ್ಟು ಜಾಗ ಒಂದು ಮಾಡ್ಯೂಲ್), ಎರಡು ಆರ್‌ಸಿಸಿಬಿಗೆ 4, ಸಿಡಿಲಿನ ವೋಲ್ಟೇಜ್ ಹೊಡೆತ ತಡೆಯುವ ಎಸ್‌ಪಿಡಿ 2, ಒಂಬತ್ತು ಎಂಸಿಬಿಗೆ 9. ಹದಿನೇಳಾಯಿತು. ಹದಿನಾರರ ಬಾಕ್ಸ್ ಸಾಲದು, ಇಪ್ಪತ್ತಕ್ಕಿಂತ ಕಮ್ಮಿ ತರಬೇಡಿ. ಎಸ್‌ಪಿಡಿ ಆರ್‌ಸಿಸಿಬಿಗಿಂತ ಮುಂಚೆ ಬರಬೇಕು, ಅದರ ವೈರುಗಳು ಒಟ್ಟು ಅರ್ಧ ಮೀಟರ್ ದಾಟಬಾರದು.

ಲೈಟಿಗೆ 1.5 ಸ್ಕ್ವೇರ್ ಎಂಎಂ ವೈರು, 6 ಆಂಪ್ ಎಂಸಿಬಿ. ಪ್ಲಗ್ಗಿಗೆ 2.5, 16 ಆಂಪ್. ಗೀಸರಿಗೆ 4, 20 ಆಂಪ್, ಒಂದೊಂದಕ್ಕೂ ಬೇರೆ ಲೈನು. ಪಂಪಿಗೆ ಸಿ ಕರ್ವ್ (ಸ್ಟಾರ್ಟ್ ಆಗುವಾಗಿನ ಎಳೆತ ತಡೆದುಕೊಳ್ಳುವ ಬಗೆ) 16. ಬಿ ಕರ್ವ್ ಹಾಕಿದರೆ ಸ್ಟಾರ್ಟ್ ಆಗುವಾಗಲೇ ಬೀಳಬಹುದು. ಪದೇ ಪದೇ ಬೀಳುತ್ತದೆ ಅಂತ ಅದೇ ವೈರಿಗೆ 32 ಹಾಕುವ ಮಹಾನುಭಾವರಿದ್ದಾರೆ, ಒಪ್ಪಬೇಡಿ. ಎಂಸಿಬಿ ಬೀಳುವ ಮೊದಲೇ ವೈರು ಬೇಯುತ್ತದೆ.

ಇನ್ನು ನೀವು ಕೇಳಿದ ಕ್ರಮ. ಎರಡು ಗೀಸರಿನ ಎಂಸಿಬಿ ಅಕ್ಕಪಕ್ಕ ಬೇಡ, ಒಂದರ ಬಿಸಿ ಇನ್ನೊಂದಕ್ಕೆ ತಾಗಿ ಬೇಗ ಬೀಳುತ್ತದೆ. ನಡುವೆ ಲೈಟಿನದು ಕೂರಿಸಿ. ಉಳಿದದ್ದು ನಿಮಗೆ ಅನುಕೂಲವಾದಂತೆ.

ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನದು. ಐಸೊಲೇಟರ್ ಆಫ್ ಮಾಡಿದರೂ ಅದರ ಒಳಬರುವ ತುದಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ, ಮೀಟರ್ ಕಡೆಯ ಕಟೌಟ್ (ಫ್ಯೂಸ್) ತೆಗೆದ ಮೇಲೆಯೇ ಕೈ ಹಾಕಲಿ.