ಎಲೆ ಹುಲುಸು, ಮೊಗ್ಗಿಲ್ಲದ ದುಂಡುಮಲ್ಲಿಗೆ

ಫೆಬ್ರವರಿ ಬಂದರೂ ಕುಂಡದ ದುಂಡುಮಲ್ಲಿಗೆ ಬರೀ ಎಲೆ ಬಿಡುತ್ತಿದೆ ಅಂದಿದ್ದೀರಿ. ಚಳಿಗಾಲದಲ್ಲಿ ರೆಂಬೆ ಕತ್ತರಿಸದೆ ದಿನಾ ನೀರು ಹಾಕಿದ್ದೇ ಬಹುಶಃ ಕಾರಣ. ಮಲ್ಲಿಗೆ ಮೊಗ್ಗು ಕೂರುವುದು ಹೊಸ ಚಿಗುರಿನಲ್ಲಿ. ಈಗಲೂ ತಡವಾಗಿಲ್ಲ.

ಒಂದು ವಾರ ನೀರು ಕಡಿಮೆ ಮಾಡಿ. ಆಮೇಲೆ ಒಣಕಡ್ಡಿ ತೆಗೆದು, ರೆಂಬೆಗಳನ್ನು ಅರ್ಧಕ್ಕೆ, ಗಿಣ್ಣಿನ (ಎಲೆ ಹುಟ್ಟುವ ಗಂಟಿನ) ಸ್ವಲ್ಪ ಮೇಲೆ ಕತ್ತರಿಸಿ. ಉಳಿದ ಎಲೆಗಳನ್ನೂ ಕೈಯಲ್ಲೇ ಕೀಳಿ. ಬೋಳು ಗಿಡ ನೋಡಿ ಕರುಳು ಚುರ್ ಅನ್ನುತ್ತೆ, ಆದರೂ ಬಿಡಬೇಡಿ. ಮೇಲ್ಮಣ್ಣು ಕೆದಕಿ, 2 ಹಿಡಿ ಹಳೇ ಕೊಟ್ಟಿಗೆ ಗೊಬ್ಬರ, 1 ಹಿಡಿ ಬೇವಿನಹಿಂಡಿ ಬೆರೆಸಿ ಧಾರಾಳ ನೀರು ಕೊಡಿ. ಯೂರಿಯಾ ಬೇಡ, ಮತ್ತೆ ಎಲೆಯೇ ಬರುತ್ತೆ.

ನನ್ನ ಗಿಡದಲ್ಲಿ 10 ದಿನಕ್ಕೆ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಚಿಗುರು ಕಂಡಿತು, 5 ವಾರಕ್ಕೆ ಮೊಗ್ಗು. ನಿಮ್ಮ ಕುಂಡಕ್ಕೆ 5–6 ತಾಸು ನೇರ ಬಿಸಿಲು ಬೀಳದಿದ್ದರೆ ಮಾತ್ರ ಇದು ಫಲಿಸುವುದು ಅನುಮಾನ. ಮೊದಲು ಜಾಗ ಬದಲಿಸಿ.