ವೈರಲ್ ನ್ಯುಮೋನಿಯಾ: ರಕ್ತಪರೀಕ್ಷೆಯ ಅಂಕಿಗಳನ್ನು ಓದುವುದು ಹೇಗೆ?

ಪ್ರಶ್ನೆ: ನನ್ನ ಅಣ್ಣನಿಗೆ 52 ವರ್ಷ. ವೈರಲ್ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಾನೆ. ಮೊದಲ ದಿನ ಸಿಆರ್‌ಪಿ 96 ಇತ್ತು. ಮೂರನೆಯ ದಿನ ಬೇರೊಂದು ಪ್ರಯೋಗಾಲಯದ ವರದಿಯಲ್ಲಿ 11 ಎಂದಿದೆ. ಇಷ್ಟು ಇಳಿದಿದ್ದರೂ ಆಕ್ಸಿಜನ್ ತೆಗೆದಿಲ್ಲ. ಡಿ-ಡೈಮರ್, ಫೆರಿಟಿನ್ ಹೆಚ್ಚಾಗಿವೆಯಂತೆ. ಈ ಅಂಕಿಗಳಿಂದ ಕಾಯಿಲೆಯ ತೀವ್ರತೆ ತಿಳಿಯುತ್ತದೆಯೇ? ವರದಿಗಳ ಪ್ರತಿಯನ್ನು ಲಗತ್ತಿಸಿದ್ದೇನೆ.

ಉತ್ತರ: ವರದಿಗಳನ್ನು ನೋಡಿದೆ. ನಿಮ್ಮ ಅಣ್ಣನವರ ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಇಳಿದಿಲ್ಲ ಎಂಬುದನ್ನು ಮೊದಲೇ ತಿಳಿಸಬೇಕಾಗಿದೆ. ಮೊದಲ ವರದಿಯ 96ರ ಮುಂದೆ ‘ಲೀಟರಿಗೆ ಮಿಲಿಗ್ರಾಂ’ ಎಂದಿದೆ. ಎರಡನೆಯದರ 11ರ ಮುಂದೆ, ಬಹಳ ಸಣ್ಣ ಅಕ್ಷರಗಳಲ್ಲಿ, ‘ಡೆಸಿಲೀಟರಿಗೆ ಮಿಲಿಗ್ರಾಂ’ ಎಂದಿದೆ. ಹತ್ತು ಡೆಸಿಲೀಟರ್ ಸೇರಿದರೆ ಒಂದು ಲೀಟರ್ ಆಗುವುದರಿಂದ, ಆ 11 ಎಂದರೆ ಮೊದಲ ಅಳತೆಯಲ್ಲಿ 110. ಮನೆಯವರು ಅಂಕಿಯನ್ನಷ್ಟೇ ನೋಡಿ ಸಮಾಧಾನಪಟ್ಟುಕೊಳ್ಳುವುದು ಸಹಜ. ಆದರೆ ಅಳತೆಯ ಮಾನವನ್ನು ನೋಡದೆ ಎರಡು ವರದಿಗಳನ್ನು ಎಂದೂ ಹೋಲಿಸಬೇಡಿ.

ಸಿಆರ್‌ಪಿ ಎಂಬ ಪ್ರೋಟೀನನ್ನು 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿಯೇ. ಉರಿಯೂತ ಉಂಟಾದಾಗ ಇಂಟರ್‌ಲ್ಯೂಕಿನ್-6 ಎಂಬ ಸಂಕೇತವಸ್ತು ಯಕೃತ್ತನ್ನು ಪ್ರಚೋದಿಸುತ್ತದೆ, ಯಕೃತ್ತು ಸಿಆರ್‌ಪಿಯನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆ. ಪ್ರಚೋದನೆ ನಿಂತರೆ ಸುಮಾರು 19 ಗಂಟೆಗಳಿಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಒಂದು ದಿನದ ಅಂಕಿಗಿಂತ ಮೂರು ನಾಲ್ಕು ದಿನಗಳ ಏರಿಳಿತವೇ ಹೆಚ್ಚು ತಿಳಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಟೋಸಿಲಿಜುಮ್ಯಾಬ್‌ನಂತಹ ಔಷಧಿ ಕೊಟ್ಟಿದ್ದರೆ ಆ ಸಂಕೇತಕ್ಕೇ ತಡೆ ಬೀಳುವುದರಿಂದ, ಸೋಂಕು ಇನ್ನೂ ಉಳಿದಿದ್ದರೂ ಸಿಆರ್‌ಪಿ ಇಳಿದುಬಿಡಬಹುದು.

ಉಳಿದವುಗಳಲ್ಲಿ ನಾನು ಮೊದಲು ನೋಡುವುದು ಲಿಂಫೋಸೈಟ್‌ಗಳ ಎಣಿಕೆಯನ್ನು. ವೈರಸ್ ಸೋಂಕು ಬಲವಾಗಿದ್ದಾಗ ಈ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 1000ಕ್ಕಿಂತ ಕೆಳಗಿಳಿದು ಅಲ್ಲಿಯೇ ಉಳಿಯುವುದು ಒಳ್ಳೆಯ ಲಕ್ಷಣವಲ್ಲ, ಆದರೆ ಸ್ಟೀರಾಯ್ಡ್ ಕೂಡ ಅವುಗಳನ್ನು ಇಳಿಸುತ್ತದೆ. ಡಿ-ಡೈಮರ್ ಹೆಚ್ಚಾಗಿದೆ ಎಂದರೆ ದೇಹದಲ್ಲಿ ಎಲ್ಲೋ ರಕ್ತ ಹೆಪ್ಪುಗಟ್ಟಿ ಕರಗುತ್ತಿದೆ ಎಂದರ್ಥವೇ ಹೊರತು ಶ್ವಾಸಕೋಶದಲ್ಲಿಯೇ ಹೆಪ್ಪಿದೆ ಎಂದಲ್ಲ; ವಯಸ್ಸು, ಗರ್ಭಧಾರಣೆ, ಶಸ್ತ್ರಚಿಕಿತ್ಸೆಗಳಿಂದಲೂ ಅದು ಏರುತ್ತದೆ. ಫೆರಿಟಿನ್ ಕಬ್ಬಿಣವನ್ನು ಸಂಗ್ರಹಿಸುವ ಪ್ರೋಟೀನ್, ಉರಿಯೂತದಲ್ಲಿ ಏರುತ್ತದೆ. ನೀವು ಕೇಳದಿದ್ದರೂ ಎಲ್‌ಡಿಎಚ್ ಬಗ್ಗೆ ಒಂದು ಮಾತು: ಘಾಸಿಗೊಂಡ ಜೀವಕೋಶಗಳಿಂದ ಸೋರುವ ಈ ಕಿಣ್ವವು, ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಇನ್ನು ಆಕ್ಸಿಜನ್ ವಿಷಯ. ಅದನ್ನು ತೆಗೆಯುವುದೋ ಬಿಡುವುದೋ ಎಂಬುದನ್ನು ಸಿಆರ್‌ಪಿ ನೋಡಿ ನಿರ್ಧರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ರೋಗಿ ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತಾರೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆಯೇ ಎಂಬುದನ್ನು ನೋಡಿ ನಿರ್ಧರಿಸುತ್ತಾರೆ. ನ್ಯುಮೋನಿಯಾದ ತೀವ್ರತೆಯನ್ನು ಅಳೆಯಲು ವೈದ್ಯರು ಬಳಸುವ ‘ಕರ್ಬ್-65’ ಎಂಬ ಮಾನದಂಡದಲ್ಲಿ ಐದು ಅಂಶಗಳಿವೆ: ಗೊಂದಲಗೊಂಡ ಮನಸ್ಸು, ಹೆಚ್ಚಿದ ಯೂರಿಯಾ, ನಿಮಿಷಕ್ಕೆ 30 ಅಥವಾ ಅದಕ್ಕೂ ಹೆಚ್ಚು ಉಸಿರಾಟ, ಕುಸಿದ ರಕ್ತದೊತ್ತಡ, 65 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು. ಇವುಗಳಲ್ಲಿ ರಕ್ತಪರೀಕ್ಷೆಯಿಂದ ತಿಳಿಯುವುದು ಯೂರಿಯಾ ಒಂದೇ. ಹಾಗಾಗಿ ಆಕ್ಸಿಜನ್ ಮುಂದುವರಿಸಿರುವುದನ್ನು ಚಿಕಿತ್ಸೆಯ ಲೋಪವೆಂದು ಭಾವಿಸಬೇಡಿ.

ಸಾಧ್ಯವಾದರೆ ಮುಂದಿನ ಮಾದರಿಗಳನ್ನು ಒಂದೇ ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕೇಳಿಕೊಳ್ಳಿ. ಜ್ವರ ಇಳಿದು ಮತ್ತೆ ಬಂದರೆ, ಅದರ ಜೊತೆಗೆ ಸಿಆರ್‌ಪಿಯೂ ಮತ್ತೆ ಏರಿದರೆ, ವೈರಸ್ಸಿನ ಮೇಲೆ ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡಿದೆಯೇ ಎಂದು ವೈದ್ಯರನ್ನು ಕೇಳಿ. ಆಗ ಅವರು ಪ್ರೊಕ್ಯಾಲ್ಸಿಟೋನಿನ್ (ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಾಮಾನ್ಯವಾಗಿ ಏರುವ ವಸ್ತು) ಪರೀಕ್ಷೆಯನ್ನೂ ಕಫದ ಕಲ್ಚರನ್ನೂ (ಕಫದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಬಹುದು.